ಬೌಂಡರಿ ವಾಟರ್ಸ್: ದೋಣಿ ಪ್ರವಾಸ ಮತ್ತು ಕಾಡುಬಿಡಾರದ ಇತಿಹಾಸ

ಬೌಂಡರಿ ವಾಟರ್ಸ್ ಅಮೆರಿಕದ ಮಿನೆಸೋಟ ರಾಜ್ಯದ ಈಶಾನ್ಯದಲ್ಲಿ, ಕೆನಡಾ ಗಡಿಗುಂಟ ಹಬ್ಬಿರುವ ಸರೋವರ ಮತ್ತು ಕಾಡುಗಳ ಸಂರಕ್ಷಿತ ಪ್ರದೇಶ. ಸುಪೀರಿಯರ್ ರಾಷ್ಟ್ರೀಯ ಅರಣ್ಯದೊಳಗೆ ಸುಮಾರು 10.9 ಲಕ್ಷ ಎಕರೆ ವಿಸ್ತಾರದ ಈ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಸರೋವರಗಳು, ಸುಮಾರು 1,200 ಮೈಲಿ ದೋಣಿಮಾರ್ಗ ಮತ್ತು ದಡಗಳಲ್ಲಿ ಗುರುತು ಮಾಡಿದ ಸುಮಾರು 2,000 ಬಿಡಾರದ ತಾಣಗಳಿವೆ. ಗಡಿಯಾಚೆ ಒಂಟಾರಿಯೊ ಪ್ರಾಂತದ ಕ್ವೆಟಿಕೊ ಉದ್ಯಾನ ಇದಕ್ಕೆ ಅಂಟಿಕೊಂಡಿದೆ. ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಜನ ಇಲ್ಲಿಗೆ ಬರುತ್ತಾರೆ. ಹೆಚ್ಚಿನವರು ಬರುವುದು ಬೇಸಿಗೆಯಲ್ಲಿ, ಹುಟ್ಟು ಹಾಕುವ ಸಪೂರ ಕೆನೂ ದೋಣಿಯಲ್ಲಿ.

ಪ್ರವಾಸಿ ಕೈಪಿಡಿಗಳು ಇದನ್ನು ಮನುಷ್ಯರ ಕೈಸೋಕದ ಕಾಡು ಎಂದು ಬಣ್ಣಿಸುವುದು ರೂಢಿ. ದಾಖಲೆಗಳು ಈ ಮಾತನ್ನು ಒಪ್ಪುವುದಿಲ್ಲ. ಇಲ್ಲಿ ಜನವಸತಿ ಇತ್ತು, ಮರ ಕಡಿಯುವ ಕಂಪನಿಗಳ ಶಿಬಿರಗಳಿದ್ದವು, ವಿಮಾನದಲ್ಲಿ ಬಂದಿಳಿಯುವ ರೆಸಾರ್ಟುಗಳಿದ್ದವು. ಕೆಲವನ್ನು ಕೊಂಡು, ಕೆಲವನ್ನು ನಿಷೇಧಿಸಿ, ಕೆಲವೆಡೆ ಅನ್ಯಾಯವಾಗಿ ಎಬ್ಬಿಸಿ ಈಗಿನ ಕಾಡನ್ನು ರೂಪಿಸಲಾಗಿದೆ. ಇಲ್ಲಿ ಡೇರೆ ಹಾಕುವ ರೀತಿಯನ್ನೂ ಇದೇ ನಿರ್ಧಾರಗಳು ರೂಪಿಸಿವೆ.

ಹಳೆಯ ದಾರಿಗಳು

ಇಂದಿನ ಪ್ರವಾಸಿ ತುಳಿಯುವ ದಾರಿಗಳಲ್ಲಿ ಬಹುಪಾಲು ಒಜಿಬ್ವೆ ಜನರದು ಮತ್ತು ಅವರಿಗಿಂತ ಹಿಂದಿನವರದು. ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಯನ್ನೂ ಸಾಮಾನನ್ನೂ ಹೊತ್ತು ದಾಟುವ ಕಾಲುದಾರಿಗಳನ್ನು ಪೋರ್ಟೇಜ್ ಎನ್ನುತ್ತಾರೆ. ಬರ್ಚ್ ಮರದ ತೊಗಟೆ ಹೊದಿಸಿದ ಹಗುರ ದೋಣಿ ಈ ನೆಲಕ್ಕೆ ಹೇಳಿ ಮಾಡಿಸಿದ ವಾಹನವಾಗಿತ್ತು. ಬೇಸಿಗೆಯ ಕೊನೆಯಲ್ಲಿ ಆಳವಿಲ್ಲದ ನೀರಿನಲ್ಲಿ ಕಾಡುಭತ್ತದ ಕೊಯ್ಲು ನಡೆಯುತ್ತದೆ. ದೋಣಿಗೆ ಇಬ್ಬರು. ಒಬ್ಬರು ಗಳ ಊರಿ ದೋಣಿ ತಳ್ಳುತ್ತಾರೆ, ಇನ್ನೊಬ್ಬರು ಒಂದು ಕೋಲಿನಿಂದ ತೆನೆಗಳನ್ನು ಮಡಿಲಿಗೆ ಬಾಗಿಸಿ ಇನ್ನೊಂದರಿಂದ ಮೆಲ್ಲಗೆ ತಟ್ಟಿ ಕಾಳು ಉದುರಿಸುತ್ತಾರೆ. ನೀರಿಗೆ ಬಿದ್ದ ಕಾಳು ಮುಂದಿನ ವರ್ಷದ ಬೀಜ. ಲಾಕ್ ಲಾ ಕ್ರುವಾ, ನಾರ್ತ್ ಹೆಗ್‌ಮನ್ ಮುಂತಾದ ಸರೋವರಗಳ ಬಂಡೆಗಳ ಮೇಲೆ ಕೆಮ್ಮಣ್ಣಿನ ಚಿತ್ರಗಳು ಇಂದಿಗೂ ಕಾಣುತ್ತವೆ.

ಇದೇ ದಾರಿಗಳಲ್ಲಿ ನಡೆದ ತುಪ್ಪಳ ವ್ಯಾಪಾರದ ಕಾಲದ ಬಗ್ಗೆ ಬೇಕಾದಷ್ಟು ಬರೆದಾಗಿದೆ; ಇಲ್ಲಿ ಮುಖ್ಯವಾದವು ಆಮೇಲಿನ ಒಪ್ಪಂದಗಳು. 1842ರ ವೆಬ್‌ಸ್ಟರ್-ಆಶ್‌ಬರ್ಟನ್ ಒಪ್ಪಂದ ಗಡಿಯನ್ನು ನಿಗದಿ ಮಾಡಿ, ಗಡಿಯ ಪೋರ್ಟೇಜುಗಳನ್ನು ಎರಡೂ ದೇಶಗಳವರಿಗೆ ಮುಕ್ತವಾಗಿಟ್ಟಿತು. 1854ರ ಲಾ ಪಾಯಿಂಟ್ ಒಪ್ಪಂದದಲ್ಲಿ ಒಜಿಬ್ವೆಗಳು ನೆಲ ಬಿಟ್ಟುಕೊಟ್ಟರೂ ಬೇಟೆ ಮತ್ತು ಮೀನುಗಾರಿಕೆಯ ಹಕ್ಕನ್ನು ಉಳಿಸಿಕೊಂಡರು. ಆ ಹಕ್ಕು ಇಂದಿಗೂ ಊರ್ಜಿತ.

ಪ್ರವಾಸದ ಇತಿಹಾಸಗಳು ಬಹುಕಾಲ ಬದಿಗಿಟ್ಟ ಸಂಗತಿಯೊಂದು ಗಡಿಯಾಚೆಯದು. ಕ್ವೆಟಿಕೊ 1909ರಲ್ಲಿ ಮೀಸಲು ಅರಣ್ಯವಾಗಿ, 1913ರಲ್ಲಿ ಉದ್ಯಾನವಾಯಿತು. ಅದರೊಳಗೆ ಒಜಿಬ್ವೆಗಳಿಗೆ ಕೊಟ್ಟಿದ್ದ 24ಸಿ ಎಂಬ ಮೀಸಲು ನೆಲವನ್ನು 1915ರಲ್ಲಿ ಅಲ್ಲಿನ ಜನರ ಒಪ್ಪಿಗೆಯಿಲ್ಲದೆ ರದ್ದು ಮಾಡಲಾಯಿತು. ಒಂಟಾರಿಯೊ ಸರ್ಕಾರ ಇದಕ್ಕೆ ಕ್ಷಮೆ ಕೇಳಿದ್ದು 1991ರಲ್ಲಿ. ನಿರ್ಜನ ಕಾಡಿನ ಕಥೆ ಹೇಳುವವರು ಈ ಎರಡು ಇಸವಿಗಳನ್ನು ಬಿಟ್ಟು ಮುಂದೆ ಹೋಗಲಾಗದು.

ಮೊದಲು ಹೇಳಿದವರು ಯಾರು?

ಮಿನೆಸೋಟದ ಅರಣ್ಯಾಧಿಕಾರಿ ಕ್ರಿಸ್ಟೋಫರ್ ಆಂಡ್ರೂಸ್ ಅವರ ಒತ್ತಾಯದಿಂದ 1902ರಲ್ಲಿ 5 ಲಕ್ಷ ಎಕರೆ ಸರ್ಕಾರಿ ನೆಲ ಮಾರಾಟದಿಂದ ಹೊರಗುಳಿಯಿತು. 1909ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸುಪೀರಿಯರ್ ರಾಷ್ಟ್ರೀಯ ಅರಣ್ಯವನ್ನು ಘೋಷಿಸಿದರು. ಇಲ್ಲಿಯವರೆಗೆ ತಕರಾರಿಲ್ಲ; ಗೊಂದಲ ಶುರುವಾಗುವುದು ಮುಂದಿನ ದಶಕದಲ್ಲಿ.

ಅರಣ್ಯ ಇಲಾಖೆಗೆ 1919ರಲ್ಲಿ ಸೇರಿದ ಭೂದೃಶ್ಯ ವಿನ್ಯಾಸಕಾರ ಆರ್ಥರ್ ಕಾರ್ಹಾರ್ಟ್ ಅದೇ ವರ್ಷ ಕೊಲರಾಡೊದ ಟ್ರ್ಯಾಪರ್ಸ್ ಸರೋವರದ ದಡದಲ್ಲಿ ಬೇಸಿಗೆಮನೆಗಳ ನಿವೇಶನ ಅಳೆಯಲು ಹೋಗಿ, ಮನೆಗಳೇ ಬೇಡ ಎಂದು ವರದಿ ಕೊಟ್ಟರು. ಡಿಸೆಂಬರ್‌ನಲ್ಲಿ ಇಲಾಖೆಯ ಇನ್ನೊಬ್ಬ ಅಧಿಕಾರಿ ಆಲ್ಡೊ ಲಿಯೊಪೋಲ್ಡ್ ಅವರೊಂದಿಗೆ ಡೆನ್ವರ್‌ನಲ್ಲಿ ಮಾತುಕತೆಯಾಯಿತು. ಲಿಯೊಪೋಲ್ಡ್ ಪ್ರಯತ್ನದಿಂದ 1924ರಲ್ಲಿ ನ್ಯೂ ಮೆಕ್ಸಿಕೊದ ಹೀಲಾ ಪ್ರದೇಶ ರಕ್ಷಣೆ ಪಡೆಯಿತು. ಕಾರ್ಹಾರ್ಟ್ ಸುಪೀರಿಯರ್ ಕಾಡನ್ನು ದೋಣಿಯಲ್ಲಿ ಸುತ್ತಿ 1922ರಲ್ಲಿ ಯೋಜನೆ ಸಿದ್ಧಪಡಿಸಿ, ಅದೇ ವರ್ಷದ ಕೊನೆಗೆ ಇಲಾಖೆ ಬಿಟ್ಟರು. ವನ್ಯಪ್ರದೇಶದ ಕಲ್ಪನೆಯ ಜನಕ ಯಾರು ಎಂಬ ವಾದದಲ್ಲಿ ಒಂದು ಪಕ್ಷ ಟ್ರ್ಯಾಪರ್ಸ್ ಸರೋವರವನ್ನೂ ಇನ್ನೊಂದು ಹೀಲಾವನ್ನೂ ಮುಂದಿಡುತ್ತದೆ. ಸುಪೀರಿಯರ್ ಯೋಜನೆ ಎರಡರ ನಡುವೆ ಸಿಕ್ಕಿಕೊಂಡಿದೆ.

ಆ ಯೋಜನೆಯನ್ನು 1964ರ ವನ್ಯಪ್ರದೇಶ ಕಾಯಿದೆಯ ಮೂಲರೂಪ ಎಂದು ಓದುವುದು ಸರಿಯಲ್ಲ. ನೀರೇ ಇಲ್ಲಿ ರಸ್ತೆಯಾಗಬೇಕು, ದೋಣಿಯಲ್ಲಿ ಬರುವವರಿಗೇ ಈ ನಾಡು ಮೀಸಲಾಗಬೇಕು ಎಂಬುದು ಅದರ ತಿರುಳು. ಅಲ್ಲಲ್ಲಿ ತಂಗುಮನೆಗಳಿಗೂ ಅದರಲ್ಲಿ ಜಾಗವಿತ್ತು. 1926ರಲ್ಲಿ ಕೃಷಿ ಕಾರ್ಯದರ್ಶಿ ವಿಲಿಯಂ ಜಾರ್ಡೀನ್ ಹೊರಡಿಸಿದ ನೀತಿಯೂ ಹೀಗೇ. ಸುಮಾರು 1,000 ಚದರ ಮೈಲಿ ಕಾಡಿಗೆ ಹೊಸ ರಸ್ತೆ ಬೇಡವೆಂದು ಅದು ಸಾರಿತು, ಆದರೆ ಮರ ಕಡಿಯುವುದನ್ನು ತಡೆಯಲಿಲ್ಲ. ಈಗಲೂ ಪ್ರವಾಸಿಗಳನ್ನು ದೋಣಿಕಟ್ಟೆಗೆ ತಲುಪಿಸುವ ಎಕೊ ಟ್ರೇಲ್ ಮತ್ತು ಫರ್ನ್‌ಬರ್ಗ್ ರಸ್ತೆಗಳು ಆ ರಾಜಿಯಲ್ಲಿ ಉಳಿದುಕೊಂಡವು.

ರಸ್ತೆಗಿಂತ ದೊಡ್ಡ ಅಪಾಯ ಅಣೆಕಟ್ಟಿನ ರೂಪದಲ್ಲಿತ್ತು. ಕಾಗದದ ಗಿರಣಿಗಳ ಒಡೆಯ ಎಡ್ವರ್ಡ್ ಬ್ಯಾಕಸ್ 1925ರಲ್ಲಿ ರೇನಿ ಲೇಕ್ ಜಲಾನಯನದ ಉದ್ದಕ್ಕೂ ಅಣೆಕಟ್ಟುಗಳ ಸಾಲನ್ನೇ ಕಟ್ಟುವ ಪ್ರಸ್ತಾಪ ಮುಂದಿಟ್ಟರು. ಕಟ್ಟಿದ್ದರೆ ಜಲಪಾತಗಳು, ದಡಗಳು ಮುಳುಗುತ್ತಿದ್ದವು. ರೇನಿ ಸರೋವರದ ದ್ವೀಪವೊಂದರಲ್ಲಿ ವಾಸವಾಗಿದ್ದ ಅರ್ನೆಸ್ಟ್ ಓಬರ್‌ಹೋಲ್ಟ್ಸರ್ ಇದರ ವಿರುದ್ಧ ಜನರನ್ನು ಸಂಘಟಿಸಿದರು. 1930ರ ಶಿಪ್‌ಸ್ಟೆಡ್-ನೋಲನ್ ಕಾಯಿದೆ ಸರ್ಕಾರಿ ನೆಲದಲ್ಲಿ ದಡದಿಂದ 400 ಅಡಿಯೊಳಗೆ ಮರ ಕಡಿಯುವುದನ್ನು ನಿಲ್ಲಿಸಿತು, ನೀರಿನ ಮಟ್ಟ ಬದಲಿಸುವುದಕ್ಕೂ ಕಡಿವಾಣ ಹಾಕಿತು. ದೋಣಿಯಲ್ಲಿ ಕೂತವರ ಕಣ್ಣಿಗೆ ಕಾಣುವ ಕಾಡು ಉಳಿದದ್ದು ಈ 400 ಅಡಿಯಿಂದ. ಅದರ ಹಿಂದೆ ಕೊಡಲಿಯ ಕೆಲಸ ದಶಕಗಳ ಕಾಲ ನಡೆದೇ ಇತ್ತು.

ರೆಸಾರ್ಟು, ವಿಮಾನ ಮತ್ತು ಡೊರೊಥಿ ಮೋಲ್ಟರ್

ಎರಡನೇ ಮಹಾಯುದ್ಧದ ನಂತರ ಈ ಪ್ರದೇಶದ ಅಂಚಿನ ಈಲಿ ಪಟ್ಟಣ ನೀರಿನ ಮೇಲಿಳಿಯುವ ವಿಮಾನಗಳ ಗದ್ದಲದ ನೆಲೆಯಾಯಿತು. ಬ್ಯಾಸ್‌ವುಡ್, ಕ್ರೂಕೆಡ್ ಸರೋವರಗಳ ರೆಸಾರ್ಟುಗಳಿಗೆ ಮೀನು ಹಿಡಿಯುವವರು ನೇರವಾಗಿ ಹಾರಿ ಬರುತ್ತಿದ್ದರು. ಮೂರು ದಿನ ಹುಟ್ಟು ಹಾಕಿ, ಬೆನ್ನು ಬಾಗಿಸಿ ಪೋರ್ಟೇಜ್ ದಾಟಿ ಬಂದವರ ಎದುರಿಗೇ ಅವರು ಇಳಿಯುತ್ತಿದ್ದರು. ಶಿಕ್ಷಕ, ದೋಣಿ ಮಾರ್ಗದರ್ಶಿ ಮತ್ತು ಲೇಖಕ ಸೀಗುರ್ಡ್ ಓಲ್ಸನ್ ಮತ್ತು ಜೊತೆಗಾರರು ಇದನ್ನು ರಾಷ್ಟ್ರಮಟ್ಟಕ್ಕೆ ಒಯ್ದರು. 1948ರ ಥೈ-ಬ್ಲಾಟ್ನಿಕ್ ಕಾಯಿದೆ ಒಳಗಿನ ಖಾಸಗಿ ಮನೆ, ರೆಸಾರ್ಟುಗಳನ್ನು ಕೊಳ್ಳಲು ಹಣ ಕೊಟ್ಟಿತು. 1949ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರೂಮನ್ ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ವಿಮಾನ ಹಾರಾಟವನ್ನು ನಿಷೇಧಿಸಿದರು. ವನ್ಯಪ್ರದೇಶಕ್ಕಾಗಿ ಆಕಾಶವನ್ನೇ ಕಾಯ್ದಿರಿಸಿದ ಈ ಆಜ್ಞೆ ಕೋರ್ಟಿನಲ್ಲೂ ನಿಂತಿತು. ಈ ಇತಿಹಾಸದಲ್ಲಿ ದಿಕ್ಕು ಬದಲಿಸಿದ ಒಂದೇ ಗಳಿಗೆಯನ್ನು ಹೆಸರಿಸಬೇಕೆಂದರೆ ಅದು ಇದೇ, 1926 ಅಲ್ಲ.

ಕೊಳ್ಳುವಿಕೆ ಎಂದರೆ ಕಾಗದದ ಮೇಲಿನ ವ್ಯವಹಾರ ಮಾತ್ರವಾಗಿರಲಿಲ್ಲ. ಬದುಕು ಕಟ್ಟಿಕೊಂಡಿದ್ದವರು ಎದ್ದು ಹೋದರು. ಷಿಕಾಗೊದಿಂದ ಬಂದ ನರ್ಸ್ ಡೊರೊಥಿ ಮೋಲ್ಟರ್ 1930ರ ದಶಕದಿಂದ ನೈಫ್ ಲೇಕ್‌ನ ದ್ವೀಪವೊಂದರಲ್ಲಿದ್ದರು. ವಿಮಾನ ನಿಂತ ಮೇಲೆ ಸೋಡಾ ಬಾಟಲಿ ತರಿಸುವುದು ಕಷ್ಟವಾಗಿ, ಸರೋವರದ ಮಂಜುಗಡ್ಡೆಯನ್ನು ಚಳಿಗಾಲದಲ್ಲೇ ಕೊಯ್ದಿಟ್ಟು, ತಾವೇ ರೂಟ್ ಬಿಯರ್ ಎಂಬ ಸಿಹಿ ಪಾನೀಯ ತಯಾರಿಸಿ ದಣಿದು ಬಂದ ದೋಣಿಗರಿಗೆ ತಣ್ಣಗೆ ಕೊಡುತ್ತಿದ್ದರು. ಗಾಯಗೊಂಡವರಿಗೆ ಪಟ್ಟಿ ಕಟ್ಟುವವರೂ ಅವರೇ. ಜನರ ಒತ್ತಾಯದಿಂದ ಅವರಿಗೂ ಬೆನ್ನಿ ಆಂಬ್ರೋಸ್ ಎಂಬುವರಿಗೂ ಬದುಕಿರುವವರೆಗೆ ಇರಲು ಅನುಮತಿ ಸಿಕ್ಕಿತು. 1986ರ ಡಿಸೆಂಬರ್‌ನಲ್ಲಿ ಡೊರೊಥಿ ತೀರಿಕೊಂಡ ಬಳಿಕ ಇಲ್ಲಿ ಮನೆ ಮಾಡಿಕೊಂಡವರು ಯಾರೂ ಉಳಿಯಲಿಲ್ಲ. ಅವರ ಮರದ ಮನೆಗಳನ್ನು ಬಿಚ್ಚಿ ತಂದು ಈಲಿಯಲ್ಲಿ ವಸ್ತುಸಂಗ್ರಹಾಲಯ ಮಾಡಲಾಗಿದೆ.

1964ರಿಂದ 1978

1964ರ ವನ್ಯಪ್ರದೇಶ ಕಾಯಿದೆ ಬೌಂಡರಿ ವಾಟರ್ಸ್ ಅನ್ನು ಸೇರಿಸಿಕೊಂಡಿತು, ಆದರೆ ಮರ ಕಡಿತಕ್ಕೂ ಮೋಟಾರು ದೋಣಿಗೂ ವಿನಾಯಿತಿ ಇಟ್ಟಿತು. ಒಂದೇ ಕಾಯಿದೆಯಲ್ಲಿ ಇದ್ದ ಈ ವಿರೋಧ ಹದಿನಾಲ್ಕು ವರ್ಷ ಜಗಳಕ್ಕೆ ದಾರಿಮಾಡಿತು. ಅರಣ್ಯ ಇಲಾಖೆಯ ಪರಿಸರ ವಿಜ್ಞಾನಿ ಮೈರನ್ ಹೈನ್ಸೆಲ್ಮನ್ ಮರಗಳ ಉಂಗುರ ಮತ್ತು ಸುಟ್ಟ ಗಾಯಗಳ ಗುರುತಿನಿಂದ ಇಲ್ಲಿನ ಬೆಂಕಿಯ ಇತಿಹಾಸವನ್ನು ನಕ್ಷೆಗಿಳಿಸಿ 1973ರಲ್ಲಿ ಪ್ರಕಟಿಸಿದರು. ಬಹುದೊಡ್ಡ ಭಾಗ ಎಂದೂ ಕಡಿಯದ ಕಾಡು ಎಂಬುದೂ, ಬೆಂಕಿಯಿಂದಲೇ ಈ ಕಾಡು ಮರುಹುಟ್ಟು ಪಡೆಯುತ್ತದೆ ಎಂಬುದೂ ಅದರಿಂದ ಖಚಿತವಾಯಿತು. ನಿವೃತ್ತಿಯ ನಂತರ ಅವರು ಕಾಡಿನ ಪರವಾದ ಹೋರಾಟಕ್ಕೆ ಮುಂದಾಳಾದರು.

ಈಲಿಯ ಅನೇಕರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಗಣಿ ಮುಚ್ಚಿದ್ದ ಊರಿನಲ್ಲಿ ಮೋಟಾರು, ಮರ ಎರಡನ್ನೂ ಕಿತ್ತುಕೊಂಡರೆ ಉಳಿಯುವುದೇನು ಎಂಬ ಅವರ ಸಿಟ್ಟು ನ್ಯಾಯವಾದದ್ದೇ. 1977ರ ಜುಲೈನಲ್ಲಿ ಈಲಿಯಲ್ಲಿ ಈ ಬಗ್ಗೆ ಅಹವಾಲು ಸಭೆ ನಡೆದಾಗ 78 ವರ್ಷದ ಓಲ್ಸನ್ ಅವರ ಪ್ರತಿಕೃತಿಯನ್ನು ಹೊರಗೆ ನೇಣಿಗೆ ತೂಗಿಸಲಾಗಿತ್ತು. 1978ರ ಅಕ್ಟೋಬರ್ 21ರಂದು ಅಧ್ಯಕ್ಷ ಕಾರ್ಟರ್ ಸಹಿ ಮಾಡಿದ ಕಾಯಿದೆ ಮರ ಕಡಿತವನ್ನು ಕೊನೆಗೊಳಿಸಿತು, ಸುಮಾರು 50,000 ಎಕರೆ ಸೇರಿಸಿತು, ಮೋಟಾರುಗಳನ್ನು ಜಲಪ್ರದೇಶದ ಸುಮಾರು ಕಾಲುಭಾಗಕ್ಕೆ ಸೀಮಿತಗೊಳಿಸಿತು. ಈ ಗಾಯ ಊರಿನಲ್ಲಿ ಇನ್ನೂ ಪೂರ್ತಿ ಮಾಗಿಲ್ಲ.

ಬಿಡಾರದ ರೀತಿನೀತಿ

ಡುಲುತ್ ನಗರದ ಕಮೀಲ್ ಪೊಯರಿಯೆ 1882ರಲ್ಲಿ ಹಕ್ಕುಪತ್ರ ಪಡೆದ ಕ್ಯಾನ್ವಾಸ್ ಬೆನ್ನುಚೀಲ ಇಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಗಲವಾದ ಇದು ದೋಣಿಯ ತಳದಲ್ಲಿ ಹೊರಳದೆ ಕೂರುತ್ತದೆ. ಹಣೆಗೆ ಪಟ್ಟಿ ಕಟ್ಟಿ ಭಾರವನ್ನು ಕುತ್ತಿಗೆಯ ಬಲದಲ್ಲಿ ಹೊರಬಹುದು. ಮರ-ಕ್ಯಾನ್ವಾಸಿನ ದೋಣಿಗಳ ಜಾಗಕ್ಕೆ 1945ರ ನಂತರ ಗ್ರುಮನ್ ಕಂಪನಿಯ ಅಲ್ಯೂಮಿನಿಯಂ ದೋಣಿಗಳು ಬಂದವು, ಆಮೇಲೆ ಸುಮಾರು 20 ಕೆ.ಜಿ. ತೂಗುವ ಕೆವ್ಲಾರ್ ದೋಣಿಗಳು. ದೋಣಿಯನ್ನು ಬೋರಲು ಹಾಕಿ, ನಡುವಿನ ಅಡ್ಡಪಟ್ಟಿಯನ್ನು ಹೆಗಲ ಮೇಲಿಟ್ಟು ಒಬ್ಬರೇ ಹೊತ್ತು ನಡೆಯುತ್ತಾರೆ. ಕಣ್ಣಿಗೆ ಕಾಣುವುದು ಮುಂದಿನ ನಾಲ್ಕು ಹೆಜ್ಜೆಯ ನೆಲ ಮಾತ್ರ. ಪೋರ್ಟೇಜಿನ ಉದ್ದವನ್ನು ಇಂದಿಗೂ 16.5 ಅಡಿಯ ರಾಡ್ ಎಂಬ ಹಳೆಯ ಅಳತೆಯಲ್ಲೇ ಹೇಳುತ್ತಾರೆ.

1966ರಿಂದ ಅನುಮತಿ ಚೀಟಿ ಕಡ್ಡಾಯವಾಯಿತು. 1971ರಲ್ಲಿ ಡಬ್ಬಿ, ಬಾಟಲಿಗಳಿಗೆ ನಿಷೇಧ ಬಂತು. ದಡಗಳಲ್ಲಿ ರಾಶಿ ಬೀಳುತ್ತಿದ್ದ ಕಸ ಅದರಿಂದಲೇ ಇಳಿಯಿತು. 1976ರಲ್ಲಿ ಪ್ರತಿ ಪ್ರವೇಶದ್ವಾರಕ್ಕೂ ದಿನದ ಮಿತಿ ಗೊತ್ತಾಯಿತು. ಈಗ ಗುಂಪಿಗೆ ಒಂಬತ್ತು ಜನ, ನಾಲ್ಕು ದೋಣಿ ಗರಿಷ್ಠ. ಒಂದು ಕಬ್ಬಿಣದ ಜಾಲರಿಯ ಒಲೆ, ಪೊದೆಯ ಹಿಂದೆ ಗೋಡೆಯಿಲ್ಲದ ಒಂದು ಶೌಚಪೀಠ, ಡೇರೆ ಹಾಕುವಷ್ಟು ಸಮತಟ್ಟು ನೆಲ: ಪ್ರತಿ ತಾಣದಲ್ಲಿ ಸರ್ಕಾರ ಕೊಡುವುದು ಇಷ್ಟೇ.

ಗಾಳಿ, ಬೆಂಕಿ, ಗಣಿ

1999ರ ಜುಲೈ 4ರಂದು ಗಂಟೆಗೆ 90 ಮೈಲಿ ಮೀರಿದ ಬಿರುಗಾಳಿ ಸುಪೀರಿಯರ್ ಅರಣ್ಯದ ಸುಮಾರು 4.77 ಲಕ್ಷ ಎಕರೆಯಲ್ಲಿ ಮರಗಳನ್ನು ಉರುಳಿಸಿತು. ರಜೆಯ ದಿನವಾಗಿದ್ದರಿಂದ ತಾಣಗಳು ತುಂಬಿದ್ದವು. ಸುಮಾರು 60 ಜನ ಗಾಯಗೊಂಡರು. ಬಿದ್ದು ಒಣಗಿದ ಮರ ಮುಂದಿನ ದೊಡ್ಡ ಬೆಂಕಿಗಳಿಗೆ ಸೌದೆಯಾಯಿತು: 2006ರ ಕ್ಯಾವಿಟಿ ಲೇಕ್, 2007ರ ಹ್ಯಾಮ್ ಲೇಕ್. 2011ರ ಪಗಾಮಿ ಕ್ರೀಕ್ ಬೆಂಕಿ ಸಿಡಿಲಿನಿಂದ ಹುಟ್ಟಿದ್ದು. ಕಾಡಿನ ಸಹಜ ಕ್ರಿಯೆ ಎಂದು ಮೊದಲು ಉರಿಯಲು ಬಿಟ್ಟಿದ್ದರು. ಸೆಪ್ಟೆಂಬರ್‌ನ ಒಂದೇ ದಿನ ಗಾಳಿ ಅದನ್ನು 16 ಮೈಲಿ ಓಡಿಸಿತು. ಒಟ್ಟು 92,000 ಎಕರೆಗೂ ಹೆಚ್ಚು ಸುಟ್ಟಿತು. ಬೆಂಕಿಯನ್ನು ಎಲ್ಲಿಯವರೆಗೆ ಬಿಡಬೇಕು ಎಂಬ ಪ್ರಶ್ನೆಗೆ ಹೈನ್ಸೆಲ್ಮನ್ ನಕ್ಷೆಗಳನ್ನು ಎರಡೂ ಕಡೆಯವರು ಆಧಾರವಾಗಿ ತೋರಿಸುತ್ತಾರೆ.

ಈಚಿನ ವಿವಾದ ಪ್ರದೇಶದ ಹೊರಗಿನದು. ಬರ್ಚ್ ಸರೋವರದ ಬಳಿ ತಾಮ್ರ-ನಿಕ್ಕಲ್ ಗಣಿ ತೆರೆಯುವ ಯೋಜನೆಗೆ ವಿರೋಧವಿದೆ. ಅದಿರಿನ ಗಂಧಕದ ಅಂಶ ಗಾಳಿ-ನೀರು ತಾಗಿ ಆಮ್ಲವಾಗುತ್ತದೆ. ಅಲ್ಲಿನ ನೀರು ಕವಿಶಿವಿ ನದಿಯ ಮೂಲಕ ಹರಿಯುವುದು ಬೌಂಡರಿ ವಾಟರ್ಸ್‌ಗೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಈ ಜಲಾನಯನದ ಸುಮಾರು 2.25 ಲಕ್ಷ ಎಕರೆಯನ್ನು ಹೊಸ ಗಣಿ ಗುತ್ತಿಗೆಯಿಂದ 20 ವರ್ಷಗಳಿಗೆ ಹೊರಗಿಡುವ ಆಜ್ಞೆ ಹೊರಡಿಸಿತು. ಗಣಿಯ ಉದ್ಯೋಗ ಬೇಕೆನ್ನುವವರೂ ದೋಣಿ ಬಾಡಿಗೆಗೆ ಕೊಟ್ಟು ಬದುಕುವವರೂ ಈಲಿಯ ಒಂದೇ ಬೀದಿಯಲ್ಲಿ ಅಕ್ಕಪಕ್ಕದಲ್ಲಿದ್ದಾರೆ.