ಮೂರನೆಯ ಕಿವಿ

ಬರ್ಲಿನ್ ಎಂದರೆ ನಮಗೆ ನೆನಪಾಗುವುದು ಗೋಡೆ. ಆದರೆ 1961ರಲ್ಲಿ ಆ ಗೋಡೆ ಏಳುವುದಕ್ಕೂ ಒಂಬತ್ತು ವರ್ಷ ಮೊದಲೇ ಊರಿನ ಪೂರ್ವ, ಪಶ್ಚಿಮ ಭಾಗಗಳ ನಡುವಿನ ಟೆಲಿಫೋನ್ ಸಂಪರ್ಕವನ್ನು ಕಡಿದುಹಾಕಿದ್ದರು. ಒಂದೇ ಊರಿನ ಎರಡು ಬೀದಿಗಳಲ್ಲಿದ್ದ ಅಕ್ಕತಂಗಿಯರು ಫೋನಿನಲ್ಲಿ ನೇರವಾಗಿ ಮಾತಾಡಲು 1971ರ ಜನವರಿಯವರೆಗೆ ಕಾಯಬೇಕಾಯಿತು. ಆಗಲೂ ಇಡೀ ಊರಿಗೆ ಮೊದಲು ಸಿಕ್ಕಿದ್ದು ಹತ್ತೇ ಲೈನು. ಟ್ರಂಕ್ ಕಾಲ್ ಬುಕ್ ಮಾಡಿ ದಿನವಿಡೀ ಫೋನಿನ ಪಕ್ಕ ಕೂತ ನಮ್ಮ ತಲೆಮಾರಿನವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಲೈನು ಸಿಕ್ಕಿದ ಮೇಲಾದರೂ ಮನಬಿಚ್ಚಿ ಮಾತಾಡುವಂತಿತ್ತೇ? ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಇಲಾಖೆಗೆ ಜನರ ಬಾಯಲ್ಲಿ 'ಸ್ಟಾಸಿ' ಎಂದು ಹೆಸರು. 1950ರಲ್ಲಿ ಹುಟ್ಟಿದ ಈ ಇಲಾಖೆಯಲ್ಲಿ ಮನೆಮಂದಿಯ ಫೋನು ಕದ್ದು ಕೇಳಲೆಂದೇ '26ನೆಯ ವಿಭಾಗ' ಎಂಬುದೊಂದಿತ್ತು. ಪಶ್ಚಿಮ ಜರ್ಮನಿಯವರ ಮಾತಿಗೆ ಬೇರೆಯೇ ವಿಭಾಗ. ಅಲ್ಲಿನ ಊರೂರುಗಳ ನಡುವೆ ರೇಡಿಯೋ ಅಲೆಗಳ ಮೇಲೆ ಸಾಗುತ್ತಿದ್ದ ಫೋನಿನ ಮಾತನ್ನು ಗಡಿಯಂಚಿನ ಬ್ರೊಕನ್ ಬೆಟ್ಟದಂಥ ಎತ್ತರದ ಜಾಗಗಳಿಂದ ಹಿಡಿಯುತ್ತಿದ್ದರು. ಬೇಕಾದವರ ನಂಬರು ಬಂದರೆ ಸಾಕು, ಟೇಪು ತಾನಾಗಿ ತಿರುಗತೊಡಗುವ ಏರ್ಪಾಟು. ಆಚೆಯವರೇನು ಕಿವಿ ಮುಚ್ಚಿಕೊಂಡಿರಲಿಲ್ಲ ಅನ್ನಿ. ಯುದ್ಧದಲ್ಲಿ ಉರುಳಿದ ಮನೆಗಳ ಇಟ್ಟಿಗೆ ಮಣ್ಣು ಸುರಿದು ಎಬ್ಬಿಸಿದ ಗುಡ್ಡವೊಂದು ಪಶ್ಚಿಮ ಬರ್ಲಿನ್ನಿನಲ್ಲಿತ್ತು. ಅದರ ನೆತ್ತಿಯ ಮೇಲೆ ಕೂತು ಅಮೆರಿಕನ್ನರೂ ಬ್ರಿಟಿಷರೂ ಪೂರ್ವದ ಕಡೆಗೆ ಕಿವಿಗೊಟ್ಟಿದ್ದರು.

1989ರ ಹೊತ್ತಿಗೆ ಸುಮಾರು 1.6 ಕೋಟಿ ಜನರ ಆ ಪುಟ್ಟ ದೇಶದಲ್ಲಿ ಸ್ಟಾಸಿಯ ಸಂಬಳದ ನೌಕರರೇ ಸುಮಾರು 91,000. ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಿದ್ದ ನೆರೆಯವರು, ಸಹೋದ್ಯೋಗಿಗಳು ಇನ್ನೂ ಹೆಚ್ಚು. ಅಂಥ ಕಡೆ ಅಮ್ಮ ಮಗಳಿಗೆ ಫೋನು ಮಾಡಿದರೆ ಏನು ಹೇಳಿಯಾಳು? ಟೇಪಿಗೆ ಸಿಕ್ಕಿದ ಮಾತಿಗಿಂತ ಗಂಟಲಲ್ಲೇ ಉಳಿದ ಮಾತು ನನ್ನನ್ನು ಹೆಚ್ಚು ಕಾಡುತ್ತದೆ.

ಎಲ್ಲರೂ ಸುಮ್ಮನಿರಲಿಲ್ಲ. ಅಗತ್ಯಬಿದ್ದರೆ ಹೆಂಗಸರನ್ನೂ ಸೈನ್ಯಕ್ಕೆ ಕರೆಯಬಹುದೆಂಬ ಕಾನೂನು 1982ರಲ್ಲಿ ಬಂದಾಗ ಚಿತ್ರಕಲಾವಿದೆ ಬೆರ್ಬೆಲ್ ಬೋಲೈ, ಉಲ್ರಿಕೆ ಪೋಪೆ ಮತ್ತು ಗೆಳತಿಯರು 'ಶಾಂತಿಗಾಗಿ ಮಹಿಳೆಯರು' ಎಂಬ ಗುಂಪು ಕಟ್ಟಿದರು. 1983ರ ಡಿಸೆಂಬರಿನಲ್ಲಿ ಇಬ್ಬರನ್ನೂ ಹಿಡಿದು ಆರು ವಾರ ಜೈಲಿನಲ್ಲಿಟ್ಟರು.

1989ರ ನವೆಂಬರಿನಲ್ಲಿ ಗೋಡೆ ತೆರೆಯಿತು. ಅಧಿಕಾರ ಜಾರುತ್ತಿದೆ ಎನ್ನುವಾಗ ಸ್ಟಾಸಿಯವರು ಮಾಡಿದ ಮೊದಲ ಕೆಲಸ, ಕಡತಗಳನ್ನು ಸುಡುವುದು. ಎರ್ಫುರ್ಟ್ ಎಂಬ ಊರಿನಲ್ಲಿ ಇದರ ವಾಸನೆ ಹತ್ತಿದ್ದು ಹೆಂಗಸರಿಗೆ. ವೈದ್ಯೆ ಕೆರ್ಸ್ಟಿನ್ ಷೋನ್, ಕಲಾವಿದೆ ಗಾಬ್ರಿಯೆಲೆ ಷ್ಟೋಟ್ಸರ್ ಮತ್ತು ಜೊತೆಗಾರ್ತಿಯರು ಡಿಸೆಂಬರ್ 4ರ ಬೆಳಿಗ್ಗೆ ಸ್ಟಾಸಿಯ ಕಚೇರಿಗೇ ನುಗ್ಗಿದರು. ಷ್ಟೋಟ್ಸರ್ ಹಿಂದೆ ಸರ್ಕಾರಕ್ಕೆ ಎದುರಾಡಿ ಒಂದು ವರ್ಷದ ಜೈಲು ಶಿಕ್ಷೆ ಉಂಡವರು. ಕೈಯಲ್ಲಿ ಆಯುಧವಿಲ್ಲ, ಹಿಂದೆ ಪೊಲೀಸರಿಲ್ಲ. ಆ ದೇಶದಲ್ಲಿ ಜನ ಹಾಗೆ ವಶಪಡಿಸಿಕೊಂಡ ಮೊದಲ ಜಿಲ್ಲಾ ಕಚೇರಿ ಅದು. ಉಳಿದ ಕಡತಗಳನ್ನು ಪಕ್ಕದ ಜೈಲಿನ ಕೋಣೆಗಳಲ್ಲಿಟ್ಟು ಮೊಹರು ಹಾಕಿಸಿದರು. ಮನುಷ್ಯರನ್ನು ಕೂಡುತ್ತಿದ್ದ ಕೋಣೆಗಳಲ್ಲಿ ಅವರ ಕಡತ!

ದೇಶದುದ್ದಕ್ಕೂ ಹೀಗೆ ಉಳಿದ ಕಡತಗಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 111 ಕಿಲೋಮೀಟರ್. 1992ರ ಜನವರಿಯಿಂದ ಅವನ್ನು ಓದಲು ಅವರವರಿಗೇ ಅವಕಾಶವಾಯಿತು. ಬೋಲೈ, ಪೋಪೆ ಮೊದಮೊದಲು ಓದಿದವರಲ್ಲಿದ್ದರು. ಕೆಲವರಿಗೆ ತಾವೇ ಮರೆತಿದ್ದ ಮಾತುಗಳು ಟೈಪಾಗಿ ಕಾದಿದ್ದವು. ಇನ್ನು ಕೆಲವರಿಗೆ ತಮ್ಮ ಮಾತನ್ನು ಮುಟ್ಟಿಸಿದ ಸ್ನೇಹಿತರ ಗುರುತೂ ಅಲ್ಲೇ ಸಿಕ್ಕಿತು. 2021ರಲ್ಲಿ ಕಡತಗಳು ಜರ್ಮನಿಯ ಕೇಂದ್ರ ದಾಖಲೆ ಸಂಗ್ರಹಾಲಯಕ್ಕೆ ಸೇರಿದವು. ತಮ್ಮದನ್ನು ಓದಬೇಕೆಂದು ಅರ್ಜಿ ಹಾಕುವವರು ಇಂದಿಗೂ ಇದ್ದಾರೆ.