ಯಂತ್ರವೂ ಯಂತೃವೂ: ಭೀಮಾತೀರದ ಕಪಿಲೆಬಾವಿಯ ವಿಚಾರ

‘ಯಂತ್ರ’ ಶಬ್ದಕ್ಕೆ ಮೂಲವಾದ ‘ಯಮ್’ ಧಾತುವಿನ ಅರ್ಥವು ಓಟವಲ್ಲ, ಉಪರಮ. ಎಂದರೆ ತಡೆದು ನಿಲ್ಲಿಸುವಿಕೆ. ಅದೇ ಧಾತುವಿನಿಂದ ಹುಟ್ಟಿದ ‘ಯಂತೃ’ ಶಬ್ದವನ್ನು ಅಮರಸಿಂಹನು ಸಾರಥಿಯ ಪರ್ಯಾಯಗಳಲ್ಲಿ ಎಣಿಸಿದ್ದಾನೆ. ಹನ್ನೊಂದನೆಯ ಶತಮಾನದ ಭೋಜರಾಜನು ಸಮರಾಂಗಣಸೂತ್ರಧಾರದ ಯಂತ್ರವಿಧಾನಾಧ್ಯಾಯದಲ್ಲಿ, ಯದೃಚ್ಛೆಯಿಂದ ಪ್ರವರ್ತಿಸುವ ಭೂತಗಳನ್ನು ನಿಯಮಿಸಿ ನಡೆಯಿಸುವುದೇ ಯಂತ್ರವೆಂದು ಲಕ್ಷಣವನ್ನು ಹೇಳಿ, ಸ್ವಯಂವಾಹಕ, ಸಕೃತ್ಪ್ರೇರ್ಯ ಮೊದಲಾದ ಭೇದಗಳನ್ನು ಕಾಣಿಸಿದ್ದಾನೆ. ತಾನೇ ನಡೆಯುವುದು ಮೊದಲನೆಯದು. ಒಮ್ಮೆ ಪ್ರೇರಿಸಿದರೆ ಸಾಕಾಗುವುದು ಎರಡನೆಯದು. ಹಾಗಾದರೆ ಗಳಿಗೆಗಳಿಗೆಗೂ ಮನುಷ್ಯನ ಕೈಯನ್ನು ಬೇಡುವ ಯಂತ್ರದಲ್ಲಿ ನಿಯಮನವಿರುವುದು ಹಗ್ಗದಲ್ಲಿಯೋ, ಹಗ್ಗ ಹಿಡಿದವನಲ್ಲಿಯೋ? ಈ ಪ್ರಶ್ನೆಗೆ ಉತ್ತರವನ್ನು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳೆಯ ಬಾವಿಗಳ ದಡದಲ್ಲಿ ಹುಡುಕಬಹುದಾಗಿದೆ.

ಈ ಸೀಮೆಯು ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ‘ಅಲಂದೆ ಸಾಸಿರ’ವೆಂಬ ನಾಡಿಗೆ ಹೆಸರನ್ನಿತ್ತ ಊರೇ ಇಂದಿನ ಆಳಂದ. 1948ರ ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದ ಈ ಪ್ರದೇಶವು 1956ರಲ್ಲಿ ಮೈಸೂರು ರಾಜ್ಯದೊಡನೆ ಕೂಡಿತು. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆಯು ಮುಂದೆ ಜೇವರ್ಗಿಯ ಸೀಮೆಯನ್ನು ಮುಟ್ಟುತ್ತದೆ. ನದಿಯಿದ್ದರೂ ಹೊಲಗಳು ನೀರಿಗಿಂತ ಎತ್ತರದಲ್ಲಿರುವುದರಿಂದ ನೀರು ತಾನಾಗಿ ಎರೆಯ ನೆಲಕ್ಕೆ ಏರಿಬಾರದು. ಅದನ್ನು ಎತ್ತಲೇಬೇಕು.

ಎತ್ತುವ ಸಾಧನಗಳಲ್ಲಿ ಮುಖ್ಯವಾದುದು ಕಪಿಲೆ. ನೆರೆಯ ಮರಾಠಿಯಲ್ಲಿ ಇದಕ್ಕೆ ‘ಮೋಟ’ ಎಂದು ಹೆಸರು. ಇದನ್ನು ‘ನೀರೆತ್ತುವ ತೊಗಲಿನ ಚೀಲ’ ಎಂದಷ್ಟೇ ವಿವರಿಸಿದರೆ ಅರ್ಧವನ್ನು ಹೇಳಿದಂತಾಗುವುದು. ಚೀಲದ ಕೆಳಭಾಗವು ಆನೆಯ ಸೊಂಡಿಲಿನಂತೆ ನೀಳವಾಗಿ ತೆರೆದಿರುತ್ತದೆ. ಚೀಲದ ಬಾಯಿಗೆ ಕಟ್ಟಿದ ದಪ್ಪ ಹಗ್ಗವು ಮೇಲಿನ ಗಾಲಿಯ ಮೇಲೆಯೂ, ಸೊಂಡಿಲಿನ ತುದಿಗೆ ಕಟ್ಟಿದ ತೆಳು ಹಗ್ಗವು ಬಾವಿಯ ಅಂಚಿನ ಉರುಳೆಯ ಮೇಲೆಯೂ ಹಾಯ್ದು, ಎರಡೂ ಎತ್ತುಗಳ ಒಂದೇ ನೊಗಕ್ಕೆ ಬಂದು ಸೇರುವುವು. ತೆಳು ಹಗ್ಗದ ಅಳತೆ ಸರಿಯಾಗಿದ್ದರೆ ಏರುವ ದಾರಿಯುದ್ದಕ್ಕೂ ಸೊಂಡಿಲು ಮಡಿಸಿ ಮೇಲಕ್ಕೆ ನಿಂತಿದ್ದು ನೀರು ಸೋರುವುದಿಲ್ಲ. ಚೀಲವು ಮೇಲೆ ಬಂದೊಡನೆ ಅದರ ಬಾಯಿಯು ಗಾಲಿಯ ಕಡೆಗೆ ಏರುತ್ತಿರಲು ಸೊಂಡಿಲು ಉರುಳೆಯ ಮೇಲೆ ಹೊರಕ್ಕೆ ಎಳೆಯಲ್ಪಟ್ಟು ತೊಟ್ಟಿಗೆ ನೀರನ್ನು ಸುರಿಯುತ್ತದೆ. ದಪ್ಪ ಹಗ್ಗದ ಕೆಲಸ ಎತ್ತುವುದು. ತೆಳು ಹಗ್ಗದ ಕೆಲಸ ನಿಯಮಿಸುವುದು.

ಆದರೂ ನಿಯಮನವೆಲ್ಲವೂ ಹಗ್ಗದಲ್ಲಿಲ್ಲ. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಚೀಲವು ಏರುವುದು. ಹಿಂದಕ್ಕೆ ಸರಿದರೆ ಇಳಿಯುವುದು. ಹೊಡೆಯುವವನು ಇಳಿಜಾರಿನಲ್ಲಿ ಹಗ್ಗದ ಮೇಲೆ ಕುಳಿತು ತನ್ನ ದೇಹಭಾರವನ್ನೂ ಸೇರಿಸುವನು. ಎತ್ತುಗಳು ಒಂದು ಹೆಜ್ಜೆ ಮೊದಲೇ ನಿಂತರೆ ಸೊಂಡಿಲು ತೊಟ್ಟಿಗೆ ಬಾರದು. ಒಂದು ಹೆಜ್ಜೆ ಮುಂದೆ ಹೋದರೆ ಚೀಲವು ಗಾಲಿಗೆ ಬಡಿಯುವುದು. ಬರಿದಾಗುವ ವರೆಗೆ ಎತ್ತುಗಳನ್ನು ತಡೆದಿರಿಸಬೇಕು. ಬಾವಿಯ ತಳದಲ್ಲಿ ಚೀಲ ತುಂಬಿತೋ ಇಲ್ಲವೋ ಎಂಬುದನ್ನು ಹಗ್ಗದ ಬಿಗುವಿನಿಂದಲೇ ಅರಿಯಬೇಕು. ಇವನೇ ನಿಜವಾದ ಯಂತೃ.

ಬಹುಮಹಡಿಯ ಕಟ್ಟಡಗಳ ಹಳೆಯ ಲಿಫ್ಟಿನಲ್ಲಿಯೂ ಇದೇ ಸಮಸ್ಯೆಯಿದ್ದಿತು. 1854ರಲ್ಲಿ ಎಲಿಷಾ ಓಟಿಸನು ನ್ಯೂಯಾರ್ಕಿನಲ್ಲಿ, ಹಗ್ಗವು ಕಡಿದರೂ ಕೆಳಗೆ ಬೀಳದ ತೊಟ್ಟಿಲನ್ನು ಜನರ ಮುಂದೆ ಪ್ರದರ್ಶಿಸಿದನು. ಬೀಳದಂತೆ ತಡೆಯುವುದು ಒಂದು ವಿಚಾರ, ಬೇಕಾದಲ್ಲಿ ನಿಲ್ಲಿಸುವುದು ಇನ್ನೊಂದು. ಆರಂಭದ ಲಿಫ್ಟುಗಳಲ್ಲಿ ತೊಟ್ಟಿಲೊಳಗೆ ಹಾಯ್ದಿದ್ದ ಹಗ್ಗವೊಂದನ್ನು ನಡೆಸುವವನು ಜಗ್ಗಿ ಚಲನೆಯನ್ನೂ ನಿಲುಗಡೆಯನ್ನೂ ಸಾಧಿಸುತ್ತಿದ್ದನು. ವಿದ್ಯುತ್ತು ಬಂದ ಮೇಲೆ ಹಗ್ಗದ ಸ್ಥಾನಕ್ಕೆ ಹಿಡಿಕೆ ಬಂದಿತು. ಹಿಡಿಕೆಯನ್ನು ಒಂದು ಕಡೆಗೆ ತಿರುಗಿಸಿದರೆ ಏರುವಿಕೆ, ಮತ್ತೊಂದು ಕಡೆಗೆ ಇಳಿಯುವಿಕೆ; ಕೈಬಿಟ್ಟರೆ ಹಿಡಿಕೆಯು ನಡುವಿಗೆ ಮರಳಿ, ವಿದ್ಯುತ್ತು ಕಡಿದು, ಬಿರಿಯು ತಾನಾಗಿ ಬೀಳುವುದು. ತೊಟ್ಟಿಲಿನ ನೆಲವು ಮಹಡಿಯ ನೆಲಕ್ಕೆ ಸಮವಾಗಬೇಕಾದರೆ ನಡೆಸುವವನು ಭಾರವನ್ನೂ ವೇಗವನ್ನೂ ಊಹಿಸಿ, ಮಹಡಿಯು ಬರುವ ಮುಂಚೆಯೇ ಕೈಬಿಡಬೇಕಾಗಿದ್ದಿತು. ಬಾವಿಯ ದಡದ ಒಂದು ಹೆಜ್ಜೆಯ ವಿವೇಕವೇ ಇಲ್ಲಿ ಕೆಲವು ಅಂಗುಲಗಳ ವಿವೇಕವಾಗಿದೆ.

ಇನ್ನೊಂದು ನೀರೆತ್ತುವ ಸಾಧನವಾದ ಏತವನ್ನು ಕಲ್ಯಾಣದ ಬಸವಣ್ಣನವರು ತಮ್ಮ ವಚನವೊಂದರಲ್ಲಿ ದೃಷ್ಟಾಂತವಾಗಿ ತೆಗೆದುಕೊಂಡಿದ್ದಾರೆ. ಏತವು ತಲೆಬಾಗುವುದು ದಿಟ. ಆ ಮಾತ್ರಕ್ಕೆ ಅದು ಭಕ್ತನಾಗದೆಂಬುದು ಅಲ್ಲಿಯ ತಾತ್ಪರ್ಯ. ಆ ದೃಷ್ಟಾಂತದ ಬಲವು ಯಂತ್ರವನ್ನು ಕಣ್ಣಾರೆ ಕಂಡವರಿಗೇ ಪೂರ್ತಿಯಾಗಿ ತಿಳಿಯುವುದು. ಬಾಗುವಿಕೆ ಯಂತ್ರದ್ದು, ಬಾಗಬೇಕೆಂಬ ಸಂಕಲ್ಪವು ಯಂತೃವಿನದು. ಏತವನ್ನೂ ಕಪಿಲೆಯನ್ನೂ ಕಾಣದ ವಿದ್ಯಾರ್ಥಿಗಳಿಗೆ ಈ ವಚನವನ್ನು ಬೋಧಿಸುವವರು ಶಬ್ದಾರ್ಥದೊಡನೆ ಕ್ರಿಯೆಯನ್ನೂ ವಿವರಿಸಬೇಕಾಗುವುದು ಇದರಿಂದಲೇ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎಣ್ಣೆಯ ಇಂಜಿನ್ನೂ ವಿದ್ಯುತ್ ಪಂಪೂ ಕಪಿಲೆಯ ಸ್ಥಾನವನ್ನು ಹಿಡಿದುವು. ಅಫಜಲಪುರ ತಾಲ್ಲೂಕಿನ ಸೊನ್ನದ ಬಳಿ ಭೀಮೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ, ನೀರನ್ನು ಪಂಪುಗಳಿಂದ ಮೇಲಕ್ಕೆತ್ತಿ ಕಾಲುವೆಗಳಿಗೆ ಬಿಡುವ ಏತನೀರಾವರಿಯ ಯೋಜನೆ ನಡೆದಿದೆ. ‘ಏತ’ವೆಂಬ ಹಳೆಯ ಶಬ್ದವು ಅದರ ಹೆಸರಿನಲ್ಲಿ ಉಳಿದುಕೊಂಡಿದೆ. ಪಂಪು ಭೋಜನು ಹೇಳಿದ ಸಕೃತ್ಪ್ರೇರ್ಯವರ್ಗಕ್ಕೆ ಹತ್ತಿರದ್ದು. ಇದರಿಂದ ಮನುಷ್ಯನಿಗೂ ಎತ್ತಿಗೂ ದೊಡ್ಡ ಬವಣೆ ತಪ್ಪಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಪಿಲೆಯಲ್ಲಿ ಎತ್ತು ದಣಿದಾಗ ಬಾವಿಗೂ ವಿಶ್ರಾಂತಿಯಿದ್ದಿತು. ಒರತೆಯ ನೀರು ಮತ್ತೆ ಕೂಡಿಕೊಳ್ಳಲು ಅವಕಾಶವಿದ್ದಿತು. ಪಂಪಿಗೆ ದಣಿವಿಲ್ಲ. ಎತ್ತುವ ಶಕ್ತಿ ಹೆಚ್ಚಿತು, ಉಪರಮವು ಕಳೆಯಿತು.

2011ರಲ್ಲಿ ಕರ್ನಾಟಕವು ಅಂತರ್ಜಲದ ಬಳಕೆಯನ್ನು ನಿಯಂತ್ರಿಸುವ ಶಾಸನವನ್ನು ಮಾಡಿದುದು ಈ ದೃಷ್ಟಿಯಿಂದ ಗಮನಾರ್ಹವಾಗಿದೆ. ‘ನಿಯಂತ್ರಣ’ವೂ ಅದೇ ಧಾತುವಿನ ಸಂತಾನ. ಯಂತ್ರದಿಂದ ಹೊರಟುಹೋದ ಯಮನವನ್ನು ಶಾಸನವು ಹೊರಗಿನಿಂದ ತರಬೇಕಾಯಿತು. ಹಿಂದೆ ಅದು ಬಾವಿಯ ದಡದಲ್ಲಿ, ಒಂದು ತೆಳು ಹಗ್ಗದಲ್ಲಿಯೂ ಒಬ್ಬ ಒಕ್ಕಲಿಗನ ಕೈಯಲ್ಲಿಯೂ ಇದ್ದಿತು.