ಗುಲಾಬಿ ಚೆಲ್ಲಿದವಳು, ವಿಮಾನ ಹಾರಿಸಿದವಳು

ಹಳೇ ವಿಮಾನ ಪ್ರದರ್ಶನಗಳ ಪೋಸ್ಟರ್ ಕೂಡಿಹಾಕೋದು ನನ್ನ ಹುಚ್ಚು. ಅಸಲಿ ಪ್ರತಿಗಳು ನಮ್ಮಂಥವರ ಜೇಬಿಗೆ ಎಟುಕೋದಿಲ್ಲ ಬಿಡಿ, ನನ್ನಲ್ಲಿರೋದೆಲ್ಲ ಮರುಮುದ್ರಣಗಳೇ. ಆದರೂ ಅಸಲಿ-ನಕಲಿ ಗುರುತಿಸೋದು ಕಲಿತಿದ್ದೀನಿ. ಆ ಕಾಲದ್ದು ಕಲ್ಲಚ್ಚು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಲ್ಲಿ ಬರೆದು, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲಿನಿಂದ ಅಚ್ಚು ಹಾಕುತ್ತಿದ್ದರು. ಭೂತಗನ್ನಡಿ ಹಿಡಿದರೆ ಬಳಪದ ತರಿತರಿ ಕಾಣುತ್ತೆ. ಸಾಲಾಗಿ ಜೋಡಿಸಿದಂಥ ಚುಕ್ಕಿಗಳು ಕಂಡರೆ ಅದು ಆಮೇಲೆ ಆಫ್‌ಸೆಟ್‌ನಲ್ಲಿ ಹೊಡೆದದ್ದು. ಒಬ್ಬ ಮಾರಾಟಗಾರ "ಒರಿಜಿನಲ್ ಸಾರ್" ಅಂತ ಮುಂದಿಟ್ಟ ಹಾಳೆಯಲ್ಲೂ ಅವೇ ಚುಕ್ಕಿ! ಮಡಿಸಿ ವಾಪಸ್ ಕೊಟ್ಟೆ.

ಇರಲಿ, ಹೇಳಹೊರಟಿದ್ದು ಬೇರೆ.

ಫ್ರಾನ್ಸಿನ ರೀಮ್ಸ್‌ನಲ್ಲಿ 1909ರ ಆಗಸ್ಟ್ 22ರಿಂದ 29ರವರೆಗೆ ದೊಡ್ಡ ವಿಮಾನ ಮೇಳ ನಡೆಯಿತು. ಬ್ಲೇರಿಯೋ ಇಂಗ್ಲಿಷ್ ಕಾಲುವೆ ದಾಟಿ ಆಗಿನ್ನೂ ಒಂದು ತಿಂಗಳು. ಅಮೆರಿಕದ ಕರ್ಟಿಸ್ 20 ಕಿ.ಮೀ.ಯನ್ನು ಹದಿನಾರು ನಿಮಿಷದೊಳಗೆ ಹಾರಿ, ಅದೇ ಬ್ಲೇರಿಯೋನನ್ನು ಕೆಲವೇ ಸೆಕೆಂಡುಗಳಿಂದ ಸೋಲಿಸಿ ಕಪ್ ಗೆದ್ದ. ಅರ್ನೆಸ್ಟ್ ಮೊಂತೋ ಬರೆದ ಅದರ ಪೋಸ್ಟರ್‌ನಲ್ಲಿ ಹಿಂದೆ ಕೆಥೆಡ್ರಲ್ಲು, ಮೇಲೆ ವಿಮಾನಗಳು, ಕೆಳಗೆ ನಿಂತು ನೋಡುವ ಸೊಗಸುಗಾತಿ. ಪೋಸ್ಟರ್ ಅಚ್ಚಾಗೋದು ಮೇಳಕ್ಕೆ ಮುಂಚೆ ತಾನೆ, ಮಳೆ ಬಂದು ಮೈದಾನವೆಲ್ಲ ಕೆಸರಾದದ್ದು ಅದರಲ್ಲಿಲ್ಲ :-)

ಮರುವರ್ಷ ಏಪ್ರಿಲ್ 10ರಿಂದ 25ರವರೆಗೆ ನೀಸ್‌ನಲ್ಲಿ ಮೇಳ. ಬ್ರೋಸ್ಸೇ ಬರೆದ ಈ ಪೋಸ್ಟರ್‌ನಲ್ಲಿ ಹೆಂಗಸು ಮೇಲಕ್ಕೇರಿದ್ದಾಳೆ. ನೀಲಿ ಕೊಲ್ಲಿಯ ಮೇಲೆ ವಿಮಾನದಲ್ಲಿ ಕೂತು ಗುಲಾಬಿ ಚೆಲ್ಲುತ್ತಾಳೆ. ಅಂದದಲ್ಲಿ ಇದೇ ನನ್ನ ಮೆಚ್ಚಿನದು. ಆದರೆ ಹೂ ಚೆಲ್ಲೋದಷ್ಟೇ ಅವಳ ಕೆಲಸವೆ?

ಈ ಎರಡು ಮೇಳಗಳ ನಡುವೆ, 1909ರ ಅಕ್ಟೋಬರ್‌ನಲ್ಲಿ, ರೀಮ್ಸ್‌ನಿಂದ ತೀರಾ ದೂರವೇನಲ್ಲದ ಶಾಲೋನ್‌ನಲ್ಲಿ ರೇಮೊಂಡ್ ದ ಲಾರೋಷ್ ಎಂಬಾಕೆ ವ್ವಾಜ಼ಾಂ ವಿಮಾನವನ್ನು ಒಬ್ಬಳೇ ಹಾರಿಸಿದ್ದಳು. 1910ರ ಮಾರ್ಚ್ 8ರಂದು, ಅಂದರೆ ನೀಸ್ ಮೇಳಕ್ಕೆ ಒಂದು ತಿಂಗಳ ಮುಂಚೆಯೇ, ಅವಳಿಗೆ ಪೈಲಟ್ ಲೈಸೆನ್ಸ್ ಸಿಕ್ಕಿತು. ನಂಬರ್ 36. ಜಗತ್ತಿನಲ್ಲಿ ಲೈಸೆನ್ಸ್ ಪಡೆದ ಮೊದಲ ಹೆಣ್ಣು. ಅದೇ ಜುಲೈನಲ್ಲಿ ರೀಮ್ಸ್‌ನ ಎರಡನೇ ಮೇಳದಲ್ಲಿ ವಿಮಾನ ಬಿದ್ದು ಮೂಳೆ ಮುರಿದುಕೊಂಡಳು. ಚೇತರಿಸಿಕೊಂಡು ಮತ್ತೆ ಹಾರಿದಳು. 1913ರಲ್ಲಿ ನಾಲ್ಕು ಗಂಟೆಗೂ ಮೀರಿ ನಿಲ್ಲದೆ ಹಾರಿ ಫೆಮಿನಾ ಕಪ್ ಗೆದ್ದಳು. 1919ರ ಜುಲೈನಲ್ಲಿ ವಿಮಾನ ಅಪಘಾತದಲ್ಲೇ ಸತ್ತಳು.

ನನ್ನ ಗೋಡೆ ಮೇಲೀಗ ಗುಲಾಬಿಯವಳ ಪಕ್ಕ ಒಂದು ಜಾಗ ಖಾಲಿ ಬಿಟ್ಟಿದ್ದೀನಿ. ಲಾರೋಷ್‌ಳ ಹೆಸರಿರುವ ಮೇಳದ ಪೋಸ್ಟರ್ ನಿಮ್ಮ ಕಣ್ಣಿಗೆಲ್ಲಾದರೂ ಬಿದ್ದರೆ ಹೇಳ್ತೀರಲ್ಲ? ಮರುಮುದ್ರಣವಾದರೂ ಪರವಾಗಿಲ್ಲ.